ಬಳ್ಳಿಗೊಂದೇ ಕಾಯಿ

ನನ್ನ ಮೊಮ್ಮಗಳು ಬೆಳೆದ ಕುಂಬಳಕಾಯಿಯನ್ನು ಇವತ್ತು ಇಬ್ಬರು ಸೇರಿ ಎತ್ತಿ ತಂದರು! ಮಚ್ಚನ್ನು ಅವಳ ಕೈಗೇ ಕೊಟ್ಟಿದ್ದೇನೆ, ಯಾರು ಏನಾದರೂ ಅಂದುಕೊಳ್ಳಲಿ. ಅದರ ಹಸಿ ತೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೊದಲ ಕುಂಬಳಕಾಯಿ ನೆನಪಾಯಿತು.

ತಿಪ್ಪೆಯ ಪಕ್ಕ ನಾನು ಹಬ್ಬಿಸಿದ ಬಳ್ಳಿಯಲ್ಲಿ ಆರು ಹೀಚು ಕಚ್ಚಿದ್ದವು. "ದೊಡ್ಡ ಕಾಯಿ ಬೇಕಾ? ಒಂದ್ನ ಬುಟ್ಟು ಮಿಕ್ಕಿದ್ದೆಲ್ಲ ಕಿತ್ತಾಕು ಕಣೇ," ಎಂದಿದ್ದಳು ನಮ್ಮಜ್ಜಿ. ಅಳುತ್ತಲೇ ಕಿತ್ತೆ. ಉಳಿದದ್ದು ಮಣ್ಣು ತಾಕಿ ಕೊಳೆಯದಂತೆ ಕೆಳಗೆ ತೆಂಗಿನ ಸಿಪ್ಪೆ ಹಾಸಿ, ದಿನವೂ ನೀರು ಹೊತ್ತೆ.

ಕಾಯಿ ಬಲಿತು ಮನೆಗೆ ಬಂದ ಮಧ್ಯಾಹ್ನ ನಾನು ಮಚ್ಚೆತ್ತಿದರೆ ದೊಡ್ಡಪ್ಪ ತಡೆದರು.

"ಹೆಣ್ಮಕ್ಳು ಇಡೀ ಕುಂಬಳಕಾಯಿ ಒಡೀಬಾರ್ದು, ಮನೆಗೆ ಕೇಡು. ತತ್ತಾ ಇಲ್ಲಿ."

ನಾನು ಮಚ್ಚು ಬಿಡಲಿಲ್ಲ. "ನೀರು ಹೊರುವಾಗ ಎಲ್ಲೋಗಿದ್ದೆ ದೊಡ್ಡಪ್ಪ?"

ಅಜ್ಜಿ ಕಿಸಕ್ಕನೆ ನಕ್ಕಳು. "ಒಡಿಯೇ. ಅದೇನಾಗ್ತದೋ ನಾನೂ ನೋಡ್ತೀನಿ."

ಎರಡೇ ಏಟಿಗೆ ಕಾಯಿ ಹೋಳಾಯಿತು. ಒಳಗೆ ಅರಿಶಿನದಂಥ ತಿರುಳು. ಮನೆಗೆ ಏನೂ ಆಗಲಿಲ್ಲ. ಸಂಜೆ ಮನೆಮಂದಿಯೆಲ್ಲ ಸಾಲಾಗಿ ಕೂತು ಮುದ್ದೆಗೆ ಕುಂಬಳಕಾಯಿ ಹುಳಿ ಹಾಕಿಸಿಕೊಂಡು ಉಂಡೆವು. ದೊಡ್ಡಪ್ಪ ಮೂರು ಸಲ ಹಾಕಿಸಿಕೊಂಡರು.