ಕೆನ್ನೆಯ ಮೇಲಿನ ಬಳೆ

ಇಪ್ಪತ್ತು ದಿನದ ಕೂಸಿನ ಹಣೆ, ಕೆನ್ನೆಗಳ ಮೇಲೆ ಬಳೆ ಒತ್ತಿದಂತೆ ಕೆಂಪು ಉಂಗುರಗಳೆದ್ದಿದ್ದವು. ಬಾಣಂತಿ ಅದನ್ನು ಮಡಿಲಲ್ಲಿಟ್ಟುಕೊಂಡು ಡಾಕ್ಟರ ಎದುರು ಕೂತಿದ್ದಳು. ವಿಷಯ ತಿಳಿದು ಧಾವಿಸಿ ಬಂದಿದ್ದ ಅವಳ ಅತ್ತೆ ಚೆನ್ನಾಜಮ್ಮ, ಬಿಸಿಲಿಗೆ ಕೆಂಡದಂತಾಗಿದ್ದ ಮುಖವನ್ನು ಸೆರಗಿನಿಂದ ಒತ್ತಿಕೊಳ್ಳುತ್ತ, ಪಕ್ಕದಲ್ಲಿ ಮಂಡಿ ನೀವಿಕೊಳ್ಳುತ್ತಿದ್ದರು.

"ಇದು ಹುಳುಕಡ್ಡಿ ಅಲ್ಲ," ಎಂದರು ಡಾಕ್ಟರು, ರಿಪೋರ್ಟ್ ನೋಡುತ್ತ. "ತಾಯಿ ರಕ್ತದಲ್ಲಿರೋ ಒಂದು ಅಂಶ ಹೊಟ್ಟೇಲಿದ್ದಾಗಲೇ ಮಗುವಿಗೆ ಹೋಗಿದೆ. ಹೃದಯ ಚೆನ್ನಾಗಿದೆ, ಹೆದರಬೇಡಿ. ಬಿಸಿಲಿಗೆ ಮಾತ್ರ ಹಿಡೀಬೇಡಿ. ಆರು ತಿಂಗಳಲ್ಲಿ ಉಂಗುರ ಮಾಯವಾಗುತ್ತೆ."

"ಕೇಳಿದ್ಯಾ? ತಾಯಿ ರಕ್ತವಂತೆ!" ಚೆನ್ನಾಜಮ್ಮ ಸೊಸೆಯತ್ತ ತಿರುಗಿದರು. "ನನ್ನ ಮಗನ ಮೈಮೇಲೆ ಒಂದು ಕಲೆ ಇಲ್ಲ. ಇದು ನಿಮ್ಮಪ್ಪನ ಮನೆ ಬಳುವಳಿ. ಅದು ಹೋಗೋವರೆಗೂ ನೀನೂ ಕೂಸೂ ಅಲ್ಲೇ ಬಿದ್ದಿರಿ. ನಮ್ಮನೇಲಿ ತೊಟ್ಟಿಲು ಕಟ್ಟಲ್ಲ."

ಸೊಸೆ ಕೂಸಿನ ಕುಲಾವಿ ಸರಿಮಾಡಿದಳು.

ಡಾಕ್ಟರು ಪೆನ್ನು ಎತ್ತಿಕೊಂಡರು. "ಕೆಲವು ಮನೆತನಗಳಲ್ಲಿ ಇಂಥದ್ದು ಹರಿದು ಬರೋದುಂಟು. ನಿಮ್ಮ ತಂದೆ ಕಡೆ ಯಾರಿಗಾದರೂ ಕೀಲುನೋವು, ಬಿಸಿಲಿಗೆ ಹೋದರೆ ಮುಖ ಕೆಂಪಾಗೋದು, ಹೀಗೇನಾದರೂ ಇದೆಯಾ?"

"ಮುಚ್ಚಿಡಬೇಡ, ಹೇಳೇ!" ಚೆನ್ನಾಜಮ್ಮ ಗದರಿದರು.

"ಒಬ್ಬರಿಗಿದೆ ಡಾಕ್ಟ್ರೇ," ಎಂದಳು ಸೊಸೆ. "ನಮ್ಮಪ್ಪನ ಸ್ವಂತ ಅಕ್ಕನಿಗೆ. ಅವರ ಮಗನಿಗೇ ನನ್ನನ್ನ ಕೊಟ್ಟಿರೋದು."