ಮೊದಲ ಏರಿಗೆ ಹದಿಮೂರು ನಿಮಿಷ

ಚೀಟಿಯನ್ನು ಯಾರೋ ಮುಟ್ಟಿದ್ದರು.

ಗಡಿಯಾರ ರಿಪೇರಿ ಮಾಡುವವನ ಕಣ್ಣಿಗೆ ಅಷ್ಟೂ ಬೀಳದಿದ್ದರೆ ಹೇಗೆ? ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಅಂಕಿಗಳು ಒಳಗೆ ಬರುವಂತೆ ಮಡಚಿ ಮೇಜಿನ ಖಾನೆಯಲ್ಲಿಟ್ಟಿದ್ದ. ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಅಂಕಿಗಳು ಹೊರಗಿದ್ದವು. ಅಂಚಿನಲ್ಲಿ ನೀಲಿ ಪುಡಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ್ದು. ಆ ಮನೆಯಲ್ಲಿ ಬಟ್ಟೆ ಹೊಲಿಯುವವಳು ಒಬ್ಬಳೇ, ಅವನ ಹೆಂಡತಿ.

ಚೀಟಿಯಲ್ಲಿದ್ದದ್ದು ಭಾನುವಾರದ ಸೈಕಲ್ ರೇಸಿನ ಲೆಕ್ಕ. ನಲವತ್ತು ಕಿಲೋಮೀಟರ್, ಮೂರು ಏರು. ಮೊದಲ ಏರಿಗೆ ಹದಿನೆಂಟು ನಿಮಿಷ, ಕಸುವು ಉಳಿಸಿಕೊಂಡು. ಎರಡನೆಯದಕ್ಕೆ ಇಪ್ಪತ್ತು. ಮೂರನೆಯದಕ್ಕೆ ಮೈಯಲ್ಲಿ ಉಳಿದದ್ದೆಲ್ಲ. ನಾಲ್ಕು ತಿಂಗಳು ಹತ್ತಿ ಇಳಿದು ಕೂಡಿಸಿದ ಲೆಕ್ಕ ಅದು. ಮೂರು ವರ್ಷದಿಂದ ಭಾವಮೈದುನ ಅವನನ್ನು ಹಿಂದೆ ಹಾಕುತ್ತಿದ್ದ. ಹಾಕಿದ್ದು ಸಾಲದೆಂದು ಮನೆಗೆ ಬಂದು ಕಾಫಿ ಕುಡಿಯುತ್ತ ಅದನ್ನೇ ಹೇಳುತ್ತಿದ್ದ. ಈ ಸಲವೂ ಸೋತರೆ ಸೈಕಲ್ ಮುಟ್ಟುವುದೇ ಇಲ್ಲವೆಂದು ಗಡಿಯಾರದವನು ತೀರ್ಮಾನಿಸಿಬಿಟ್ಟಿದ್ದ.

ಹೆಂಡತಿಗೆ ತಮ್ಮನೆಂದರೆ ಪ್ರಾಣ. ಈಗ ಎಲ್ಲ ತಾಳೆಯಾಯಿತು, ಅವಳು ಲೆಕ್ಕವನ್ನು ತಮ್ಮನಿಗೆ ದಾಟಿಸುತ್ತಿದ್ದಾಳೆ. ತಮ್ಮ ತನ್ನ ಹಳೆಯ ಕೆಂಪು ಸೈಕಲ್ಲನ್ನು ಯಾರಿಗೋ ಕೊಟ್ಟು ಹೊಸದು ಕೊಂಡಿದ್ದ. ಗಂಡ ಅಂಗಡಿಗೆ ಹೋದ ಮೇಲೆ ಅವನು ಬರುತ್ತಾನೆ, ಅಕ್ಕ ಮನೆಗೆ ಬೀಗ ಹಾಕಿ ಅವನ ಜೊತೆ ಹೋಗುತ್ತಾಳೆ ಎಂದು ಪಕ್ಕದ ಮನೆಯಾಕೆ ಬೇಡವೆಂದರೂ ತಿಳಿಸಿದ್ದಳು. ಹದಿನೈದು ದಿನದಿಂದ ಹೊಲಿಗೆ ಯಂತ್ರದ ಮೇಲೆ ಬೆನ್ನಿಗೆ ಜೇಬಿರುವ ಕಪ್ಪು ಅಂಗಿ. ಯಾರದೆಂದು ಕೇಳಿದರೆ, "ಒಬ್ರ ಆರ್ಡರ್ರು."

ಅನ್ನ ಬಡಿಸುತ್ತ ಅವಳೇ ಮಾತು ತೆಗೆದಳು. "ಎರಡನೇ ಏರಲ್ಲಿ ಎದ್ದು ನಿಂತೇ ತುಳೀಬೇಕಾ, ಕೂತ್ಕೊಂಡೂ ಆಗುತ್ತಾ?"

"ನಿಂಗ್ಯಾಕೆ ಅದು?"

"ಸುಮ್ನೆ ಕೇಳ್ದೆ."

ಹೋದ ವರ್ಷ "ನಾನೂ ಬರ್ಲಾ ರೇಸಿಗೆ?" ಎಂದವಳಿಗೆ "ಬಾ, ನೀರು ಹಂಚೋಕೆ ಜನ ಬೇಕಂತೆ" ಎಂದು ನಕ್ಕಿದ್ದ. ಆ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾಳೆಯೇ?

ಜಗಳವಾಡಲಿಲ್ಲ. ಹೊಸ ಚೀಟಿ ಬರೆದ. ಮೊದಲ ಏರಿಗೆ ಹದಿಮೂರು ನಿಮಿಷ, ಎದ್ದು ನಿಂತು, ಎಲ್ಲೂ ಬಿಡುವು ಕೊಡದೆ. ಹಾಗೆ ಹತ್ತಿದವರು ಎರಡನೆಯ ಏರಿನ ಅರ್ಧಕ್ಕೆ ಸುಸ್ತಾಗಿ ಕೂರುವುದು ಖಂಡಿತ. "ಹಳೇ ಲೆಕ್ಕ ತಪ್ಪಿತ್ತು, ಬದಲಾಯಿಸಿದೆ" ಎಂದು ಅವಳಿಗೆ ಕೇಳುವಂತೆ ಗೊಣಗಿ ಅದನ್ನು ಅದೇ ಖಾನೆಯಲ್ಲಿಟ್ಟ. ನಿಜವಾದ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡ. ಮರುದಿನ ಹೊಸ ಚೀಟಿಯ ಮೇಲೂ ನೀಲಿ ಪುಡಿ ಇತ್ತು.

ಭಾನುವಾರ ಅವಳು ಅವನಿಗಿಂತ ಮೊದಲೇ ಹೊರಟಳು. "ದಾರೀಲಿ ಸಿಗ್ತೀನಿ ಬಿಡಿ" ಎಂದಳು. ನೀರಿನ ಮೇಜಿನ ಹತ್ತಿರ ಇರಬೇಕು ಎಂದುಕೊಂಡ.

ಸವಾರರನ್ನು ತಂಡತಂಡವಾಗಿ ಬಿಟ್ಟರು. ಮೊದಲ ತಂಡ ಹೋಗಿ ಹತ್ತು ನಿಮಿಷಕ್ಕೆ ಅವನೂ ಭಾವಮೈದುನನೂ ಇದ್ದ ತಂಡ ಹೊರಟಿತು. ಏರು ಶುರುವಾಯಿತು. ಭಾವಮೈದುನ ಈಗ ನುಗ್ಗುತ್ತಾನೆ, ಇನ್ನೇನು ನುಗ್ಗುತ್ತಾನೆ ಎಂದು ಗಡಿಯಾರದವನು ಕಾದ. ಅವನು ನುಗ್ಗಲೇ ಇಲ್ಲ. ಹದಿನೆಂಟು ನಿಮಿಷವೂ ಪಕ್ಕದಲ್ಲೇ ತುಳಿದ.

"ಯಾಕೋ, ಕಾಲು ಹಿಡ್ಕೊಂಡಿದ್ಯಾ?"

"ಇಲ್ಲ ಭಾವ. ಈ ಸಲ ನಿಮ್ಮ ಜೊತೇಲೇ ಇರು ಅಂತ ಅಕ್ಕ ಹೇಳಿದಾಳೆ."

ಇದು ಯಾವ ನಾಟಕ? ಚೀಟಿ ಇವನ ಕೈ ಸೇರಲಿಲ್ಲವೇ? ಸೇರಿಯೂ ನಂಬಲಿಲ್ಲವೇ?

ಎರಡನೆಯ ಏರಿನ ಅರ್ಧದಲ್ಲಿ, ರಸ್ತೆ ಬದಿಯ ಕಲ್ಲಿಗೆ ಕೈಯೂರಿ ಯಾರೋ ವಾಂತಿ ಮಾಡುತ್ತಿದ್ದರು. ಬೆನ್ನಿಗೆ ಜೇಬಿರುವ ಕಪ್ಪು ಅಂಗಿ. ಪಕ್ಕದಲ್ಲಿ ಬಿದ್ದಿದ್ದ ಕೆಂಪು ಸೈಕಲ್ಲಿನ ಹ್ಯಾಂಡಲಿಗೆ ಹೊಲಿಗೆ ದಾರದಿಂದ ಒಂದು ಚೀಟಿ ಕಟ್ಟಿತ್ತು. ಹದಿಮೂರು ನಿಮಿಷ, ಎದ್ದು ನಿಂತು.

"ಅಕ್ಕಾ" ಎನ್ನುತ್ತ ಭಾವಮೈದುನ ಸೈಕಲ್ ಬಿಸಾಡಿ ಓಡಿದ. ಗಡಿಯಾರದವನ ಕೈ ತಾನಾಗಿ ಬ್ರೇಕ್ ಒತ್ತಿತು.

ಅವಳು ಬಾಯಿ ಒರೆಸಿಕೊಂಡು ಗಂಡನತ್ತ ತಲೆಯೆತ್ತಿದಳು. "ನಿಮ್ಮ ಲೆಕ್ಕ ಸರಿಯಾಗೇ ಇತ್ತು ರೀ, ನನ್ನ ಕಾಲಿಗೇ ಆಗ್ಲಿಲ್ಲ."