ಅಳಿಯನಿಗೆ ಅರ್ಧ ಮುದ್ದೆ

ಚಿತ್ತಮ್ಮ ಮುದ್ದೆಯನ್ನು ಮುರಿದು, ದಯಾನಂದನ ತಟ್ಟೆಗೆ ಅರ್ಧ ಮಾತ್ರ ಹಾಕಿ ಮುಂದಕ್ಕೆ ಸರಿದಳು. ನಮ್ಮ ಕಡೆ ಅಳಿಯನಿಗೆ ಅರ್ಧ ಮುದ್ದೆ ಇಕ್ಕುವುದೆಂದರೆ ಎದ್ದು ಹೋಗು ಅಂದ ಹಾಗೆ. ಸಾರಿಗೆ ಚಾಚಿದ ದಯಾನಂದನ ಕೈ ಅಲ್ಲೇ ನಿಂತಿತು.

"ಅಜ್ಜೀ! ಅಳಿಯಂಗೆ ಅರ್ಧ ಮುದ್ದೆನಾ? ಹಟ್ಟಿಯೋರು ಕೇಳಿದ್ರೆ ಉಗೀತಾರೆ," ಎಂದಳು ಅವನ ಹೆಂಡತಿ ಕಾವ್ಯಶ್ರೀ. ಚಿತ್ತಮ್ಮ ಅವಳ ಅಪ್ಪನ ತಾಯಿ. ವಯಸ್ಸು ತೊಂಬತ್ತೆರಡು. ಐಮಂಗಲದ ಹತ್ತಿರದ ಈ ಕುರಿಹಟ್ಟಿಯಲ್ಲಿ ಬಡಿಸುವ ಕೈ ಇವತ್ತಿಗೂ ಅವಳದೇ.

"ಉಗೀಲಿ ಬಿಡು. ನಾನು ಕಾಲು ನೋಡೇ ಇಕ್ಕಿದ್ದು. ಕುರಿ ಹಿಂದೆ ಹೋದೋರಿಗೆ ಎರಡು, ಹೊಲದಾಗೆ ಬಗ್ಗಿದೋರಿಗೆ ಒಂದು, ಕುಂತೋರಿಗೆ ಅರ್ಧ. ನಮ್ಮತ್ತೆ ನಂಗೂ ಹಿಂಗೇ ಇಕ್ತಿದ್ಲು. ನಿನ್ ಗಂಡನ ಕಾಲು ನೋಡೇ, ತೊಟ್ಲಾಗಿನ ಕೂಸಿನ ಕಾಲು ಇದ್ದಂಗೈತೆ. ಒಂದು ಚೂರು ಮಣ್ಣು ಹತ್ತಿಲ್ಲ."

ಮುದುಕಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಳಲ್ಕೆರೆಯ ಆಫೀಸಿನ ಕುರ್ಚಿ ಬಿಟ್ಟರೆ ಕಾರಿನ ಸೀಟು, ಅದು ಬಿಟ್ಟರೆ ಮನೆಯ ಸೋಫಾ. ದಯಾನಂದನ ದಿನವೆಲ್ಲ ಮೂರು ಸೀಟುಗಳಲ್ಲಿ ಮುಗಿಯುತ್ತಿತ್ತು. ಬೇರೆ ದಿನವಾಗಿದ್ದರೆ ಅವನು ತಟ್ಟೆ ತಳ್ಳಿ ಎದ್ದೇಬಿಡುತ್ತಿದ್ದ. ಆದರೆ 'ಕಾಲು' ಎಂಬ ಮಾತು ಕೇಳಿದೊಡನೆ ಸಿಟ್ಟಿನ ಜಾಗಕ್ಕೆ ಭಯ ಬಂದು ಕೂತಿತು. ನಾಲ್ಕು ದಿನದ ಹಿಂದೆ ಚಿತ್ರದುರ್ಗದ ಲ್ಯಾಬಿನಲ್ಲಿ, ಖಾಲಿ ಹೊಟ್ಟೆಯಲ್ಲೇ ಅವನ ಸಕ್ಕರೆ ಇನ್ನೂರ ಐವತ್ತೆಂಟು ಬಂದಿತ್ತು. ಅವನಪ್ಪನಿಗೂ ಇದೇ ಕಾಯಿಲೆ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಮಂಡಿಯವರೆಗೆ ಕಾಲು. ಐವತ್ತೊಂದಕ್ಕೆ ಅಪ್ಪನೇ ಹೋದ. ದಯಾನಂದನಿಗೀಗ ನಲವತ್ತಮೂರು. ರಿಪೋರ್ಟನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡವನು ಹೆಂಡತಿಗೂ ಹೇಳಿರಲಿಲ್ಲ, ಮಾತ್ರೆಯ ಪೊಟ್ಟಣವನ್ನೂ ಬಿಚ್ಚಿರಲಿಲ್ಲ. ನುಂಗಿದರೆ ಕಾಯಿಲೆ ನಿಜವಾಗಿಬಿಡುತ್ತದೆ ಎಂಬಂತೆ! ತಮಾಷೆಯೆಂದರೆ, ಹೆದರಿಕೆ ಹೆಚ್ಚಿದಷ್ಟೂ ಅವನ ಹೊಟ್ಟೆ ಹೆಚ್ಚು ಕೇಳುತ್ತಿತ್ತು. ಇಲ್ಲಿಗೆ ಬರುವ ದಾರಿಯಲ್ಲೂ ಹೋಟೆಲ್ ಕಂಡಲ್ಲೆಲ್ಲ ಕಾರು ನಿಂತಿತ್ತು.

ಅಳುಕು ಮುಚ್ಚಿಕೊಳ್ಳಲು ಅವನು ನಕ್ಕ. "ಅಂಗಾದ್ರೆ ನಿಮಗೆಷ್ಟಜ್ಜಿ? ನೀವೂ ಬೆಳಿಗ್ಗೆಯಿಂದ ಮನೇಲೇ ಇದೀರಲ್ಲ."

ಚುಚ್ಚಲೆಂದೇ ಆಡಿದ ಮಾತು. ಚಿತ್ತಮ್ಮ ಬೇಸರಿಸದೆ ತನ್ನ ತಟ್ಟೆಯನ್ನು ಅವನ ಕಡೆ ವಾಲಿಸಿ ತೋರಿಸಿದಳು. ನಿಂಬೆಹಣ್ಣಿನಷ್ಟು ಮುದ್ದೆ, ಪಕ್ಕದಲ್ಲಿ ರಾಶಿ ಬೆರಕೆಸೊಪ್ಪು, ಹುರುಳಿಕಾಳಿನ ಸಾರು.

"ನಿನ್ನೆ ಸೊಪ್ಪಿಗೆ ಹೋಗಿದ್ದೆ, ಒಂದುಂಡೆ. ಇವತ್ತು ನೀವು ಬತ್ತೀರಂತ ಕುಂತ್ಕಂಡೆ, ಇಷ್ಟೇ. ಹೊಟ್ಟೆ ಕೇಳ್ತೈತಪ್ಪ, ಅದ್ಕೇನು? ಅದು ಕೇಳಿದ್ದೆಲ್ಲ ಕೊಟ್ರೆ ಮೈ ತಡೀಬೇಕಲ್ಲ."

ಅವಳು ನಿಧಾನವಾಗಿ ಉಂಡಳು. ಬೆರಳು ಚೀಪಿದಳು, ಒಂದು ಲೋಟ ಮಜ್ಜಿಗೆ ಕುಡಿದಳು. ಆಮೇಲೆ ಎದ್ದಳು. ಅದನ್ನು ದಯಾನಂದ ನೋಡಿದ. ನೆಲಕ್ಕೆ ಕೈಯೂರಲಿಲ್ಲ, ಗೋಡೆ ಹಿಡಿಯಲಿಲ್ಲ, ಅಮ್ಮಾ ಅನ್ನಲಿಲ್ಲ. ಹಾಕಿದ ಚಕ್ಕಳಮಕ್ಕಳ ಬಿಚ್ಚಿ ನೆಟ್ಟಗೆ ನಿಂತು, ಅದೇ ಉಸಿರಿನಲ್ಲಿ ತುಂಬಿದ ನೀರಿನ ಕೊಡವನ್ನು ಸೊಂಟಕ್ಕೇರಿಸಿ ಹೊರಗೆ ನಡೆದಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಈ ಹೆಂಗಸನ್ನು ತಾನು ಒಂದು ದಿನವೂ ಕಣ್ಣುಬಿಟ್ಟು ನೋಡಿರಲಿಲ್ಲ ಅನ್ನಿಸಿತು ದಯಾನಂದನಿಗೆ. ಅಪ್ಪ ಐವತ್ತೊಂದು, ಇವಳು ತೊಂಬತ್ತೆರಡು. ಕೈ ಎಂಜಲಾಗಿರದಿದ್ದರೆ ಅಲ್ಲೇ ಮುಗಿದುಬಿಡುತ್ತಿದ್ದನೇನೋ.

ಎಡಗೈಯಿಂದ ಜೇಬಿನ ರಿಪೋರ್ಟ್ ತೆಗೆದು ಕಾವ್ಯಶ್ರೀಯ ಮುಂದಿಟ್ಟ. ಅವಳು ಎರಡು ಸಲ ಓದಿದಳು.

"ನಾಲ್ಕು ದಿನ ಆತಲ್ರಿ. ಮಾತ್ರೆ?"

"ಕಾರಲ್ಲೈತೆ. ಇನ್ನೂ ಬಿಚ್ಚಿಲ್ಲ."

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಕಣ್ಣೊರೆಸಿಕೊಳ್ಳುತ್ತಲೇ ಮಾತ್ರೆ ತರಲು ಕಾರಿನ ಕಡೆ ಓಡಿದಳು. ಕೊಡ ಇಳಿಸಿ ಬಂದ ಚಿತ್ತಮ್ಮ, "ಏನಪ್ಪ ಅದು?" ಎಂದು ಕೇಳಿದಳು.

"ಸಕ್ಕರೆ ಕಾಯಿಲೆ ಅಜ್ಜಿ. ನಮ್ಮಪ್ಪನ್ನ ತಗಂಡು ಹೋಗಿದ್ದು."

ಚಿತ್ತಮ್ಮ ಒಲೆಯ ಪಕ್ಕದ ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ಒದ್ದೆ ಬಟ್ಟೆಯಡಿ ಇನ್ನರ್ಧ ಮುದ್ದೆ ಬೆಚ್ಚಗೆ ಕೂತಿತ್ತು.

"ಅಳಿಯಂಗೆ ಅರ್ಧ ಕಟ್ಟೋಳಲ್ಲ ಕಣಪ್ಪ ನಾನು. ಪೂರಾ ಒಂದು ಕಟ್ಟಿ, ಇದನ್ನ ಎತ್ತಿಟ್ಟಿದೀನಿ. ಇದೂ ನಿಂದೇ. ಡಾಕ್ಟ್ರ ಮಾತ್ರೆ ನುಂಗು. ಆಮೇಲೆ ದಿಬ್ಬದ ಮ್ಯಾಲೆ ಕುರಿ ಕೂಡೋ ರೊಪ್ಪದ ತಂಕ ಹೋಗಾಣ ನಡಿ. ವಾಪಸ್ ಬಂದು ಹಸಿವಾದ್ರೆ ಉಣ್ಣಿವಂತೆ."

ಕಾವ್ಯಶ್ರೀ ತಂದ ಮಾತ್ರೆಯನ್ನು ನುಂಗಿ ಅವನು ಹೊರಟಾಗ ಮೋಡ ಕವಿದು ಬಿಸಿಲು ಇಳಿದಿತ್ತು. ಗಾಳಿಯಂತ್ರಗಳ ದಿಬ್ಬ ಹತ್ತುವಾಗ ದಯಾನಂದ ಸೊಂಟ ಹಿಡಿದುಕೊಂಡು ಎರಡು ಸಲ ನಿಂತ. ಎರಡು ಸಲವೂ ಚಿತ್ತಮ್ಮ ಮೇಲಿನಿಂದ ತಿರುಗಿ ನೋಡಿ ಕಾದಳು. ಮೂರನೆಯ ಸಲ ಅವನು ಕಲ್ಲಿನ ಮೇಲೆ ಕೂತೇಬಿಟ್ಟಾಗ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಕೂಗಿ ಹೇಳಿದಳು:

"ನಿಧಾನಕ್ಕೆ ಬಾರಪ್ಪ. ನಂಗಿನ್ನೂ ಬೇಕಾದಷ್ಟು ಟೈಮೈತೆ."